ಜಿಯಾವೊಜಿ ಬಾಯಿ ಬಿಡದಂತೆ ಮಾಡುವುದು: ಕಣಕದಿಂದ ಬಾಣಲೆಯವರೆಗೆ

ಮನೆಯಲ್ಲಿ ಜಿಯಾವೊಜಿ, ಅಂದರೆ ತೆಳು ಕಣಕದೊಳಗೆ ಹೂರಣ ತುಂಬಿ ಮುಚ್ಚಿದ ಚೀನೀ ಡಂಪ್ಲಿಂಗ್ ಮಾಡಲು ಹೊರಟವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ. ಕುದಿಯುವ ನೀರಿಗೆ ಹಾಕಿದ ಕೂಡಲೇ ಬಾಯಿ ಬಿಟ್ಟವು. ತಟ್ಟೆಗೆ ಅಂಟಿಕೊಂಡು ತಳ ಹರಿಯಿತು. ಒಳಗಿನ ಚಿಕನ್ ಒಣ ಉಂಡೆಯಾಯಿತು. ಬಾಣಲೆಯಿಂದ ಎತ್ತಲು ಹೋದರೆ ಅರ್ಧ ಅಲ್ಲೇ ಉಳಿಯಿತು. ಬಹಳ ಜನ ತಮಗೆ ಮಡಿಕೆ ಹಾಕುವ ಕೈಚಳಕ ಇಲ್ಲ ಎಂದುಕೊಂಡು ವಿಡಿಯೊ ಮೇಲೆ ವಿಡಿಯೊ ನೋಡುತ್ತಾ ಕೂರುತ್ತಾರೆ. ಮಡಿಕೆಗೂ ಈ ತೊಂದರೆಗಳಿಗೂ ಸಂಬಂಧ ತೀರಾ ಕಡಿಮೆ. ಕೆಡಿಸುವುದು ನೀರು. ಕಣಕದಲ್ಲಿ ಎಷ್ಟು ನೀರಿದೆ, ಹೂರಣದಲ್ಲಿ ಎಷ್ಟಿದೆ, ಅದು ಯಾವ ಹೊತ್ತಿಗೆ ಹೊರಬಂತು ಎನ್ನುವುದನ್ನು ಹಿಡಿತಕ್ಕೆ ತಂದುಕೊಂಡರೆ ಸೊಟ್ಟಪಟ್ಟ ಮಡಿಕೆಯ ಜಿಯಾವೊಜಿ ಕೂಡ ಇಡಿಯಾಗಿ ತಟ್ಟೆಗೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಉತ್ತರ ಚೀನಾದ ಮನೆಗಳಲ್ಲಿ ಮಾಡುವ ಜಿಯಾವೊಜಿ. ನೀರಿನಲ್ಲಿ ಬೇಯಿಸಿದರೆ ಶುಯ್‌ಜಿಯಾವೊ, ಬಾಣಲೆಯಲ್ಲಿ ತಳ ಕೆಂಪಗೆ ಮಾಡಿದರೆ ಗುವೊತಿಯೆ. ಜಪಾನಿನ ಗ್ಯೋಜಾ ಮಾಡುವವರಿಗೂ ಬಾಣಲೆಯ ಭಾಗ ಹಾಗೇ ಒಪ್ಪುತ್ತದೆ. ಅಳತೆ ಸುಮಾರು 45 ಜಿಯಾವೊಜಿಗೆ, ಅಂದರೆ ನಾಲ್ಕು ಜನರ ಊಟಕ್ಕೆ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಅಡುಗೆ ತಕ್ಕಡಿ ಇರಲೇಬೇಕು. ಲೋಟದ ಅಳತೆಯಲ್ಲಿ ಮೈದಾ ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಇಷ್ಟು ಕಡಿಮೆ ನೀರಿನ ಕಣಕದಲ್ಲಿ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಲಟ್ಟಣಿಗೆ ತೆಳ್ಳಗಿರಲಿ, 2 ಸೆಂ.ಮೀ. ದಪ್ಪದ್ದು ಸಾಕು. ಚಪಾತಿಯ ದಪ್ಪ ಲಟ್ಟಣಿಗೆಯಲ್ಲಿ ಅಂಚನ್ನು ಮಾತ್ರ ತೆಳು ಮಾಡುವುದು ಕಷ್ಟ. ಇವುಗಳ ಜೊತೆಗೆ 4-5 ಲೀಟರ್ ಹಿಡಿಯುವ ಅಗಲದ ಪಾತ್ರೆ, ಜಾಲರಿ ಸೌಟು, ಸರಿಯಾಗಿ ಕೂರುವ ಮುಚ್ಚಳವಿರುವ ಚಪ್ಪಟೆ ತಳದ ನಾನ್‌ಸ್ಟಿಕ್ ಬಾಣಲೆ, ಹಿಂಡಲು ತೆಳು ಹತ್ತಿ ಬಟ್ಟೆ, ಮುಚ್ಚಲು ಒದ್ದೆ ಬಟ್ಟೆ, ಒಣ ಮೈದಾ ಉದುರಿಸಿದ ಎರಡು ತಟ್ಟೆ.

ಅಂಗಡಿಯಲ್ಲಿ ಎರಡು ಕಡೆ ಎಡವುತ್ತಾರೆ. ನಮ್ಮ ಅಡುಗೆಯ ಎಳ್ಳೆಣ್ಣೆ ಹಸಿ ಎಳ್ಳಿನಿಂದ ತೆಗೆದದ್ದು. ಇದಕ್ಕೆ ಬೇಕಾದ್ದು ಹುರಿದ ಎಳ್ಳಿನ ಕಂದು ಬಣ್ಣದ ಎಣ್ಣೆ. ಪರಿಮಳ ಪೂರ್ತಿ ಬೇರೆ. ಸಿಗದಿದ್ದರೆ ಯಾವುದಾದರೂ ವಾಸನೆಯಿಲ್ಲದ ಎಣ್ಣೆ ಹಾಕಿ, ಒಂದು ಚಮಚ ಎಳ್ಳು ಹುರಿದು ಕುಟ್ಟಿ ಸೇರಿಸಿ. ಎರಡನೆಯದು ಸೋಯಾ ಸಾಸ್. ಡಾರ್ಕ್ ಎಂದು ಬರೆದಿರುವುದು ಮುಖ್ಯವಾಗಿ ಬಣ್ಣಕ್ಕೆ. ಲೈಟ್ ಸೋಯಾ ತನ್ನಿ.

## ಕೆಲಸದ ಕ್ರಮ

ಕಣಕ ಕಲಸಿ ಮುಚ್ಚಿಡಿ. ಅದು ನೆನೆಯುವಾಗ ಕೋಸಿಗೆ ಉಪ್ಪು ಹಾಕಿ, ಮಾಂಸವನ್ನು ಹದ ಮಾಡಿ ಫ್ರಿಜ್ಜಿಗೆ ಇಡಿ. ಲಟ್ಟಿಸಲು ಕೂರುವ ಮುಂಚೆ ಮಾತ್ರ ಕೋಸನ್ನು ಮಾಂಸಕ್ಕೆ ಸೇರಿಸಿ. ಅರ್ಧ ತುಂಬಿದ ಮೇಲೆ ನೀರು ಕುದಿಯಲು ಇಡಿ. ಹೂರಣ ಮೊದಲು ಮಾಡಿಟ್ಟು ಆಮೇಲೆ ಕಣಕಕ್ಕೆ ಕೈ ಹಾಕಿದವರ ಹೂರಣ ತುಂಬುವ ಹೊತ್ತಿಗೆ ನೀರಾಡುತ್ತಿರುತ್ತದೆ.

## ಹಂತ 1: ಕಣಕ

300 ಗ್ರಾಂ ಮೈದಾ, 150 ಗ್ರಾಂ ತಣ್ಣೀರು, ಅರ್ಧ ಟೀ ಚಮಚ ಉಪ್ಪು. ನೀರನ್ನೂ ತೂಗಿಯೇ ಹಾಕಿ.

ನೀರನ್ನು ಒಮ್ಮೆಲೇ ಸುರಿಯದೆ ಸಣ್ಣ ಧಾರೆಯಲ್ಲಿ ಬಿಡುತ್ತಾ ಬೆರಳಿನಿಂದ ತಿರುವಿ. ಮೊದಲು ಚೂರುಚೂರಾಗಿ, ಒಣಗಿದಂತೆ ಕಾಣುತ್ತದೆ. ಇಲ್ಲೇ ಎಲ್ಲರೂ ಗಾಬರಿಯಾಗಿ ಇನ್ನಷ್ಟು ನೀರು ಹಾಕುತ್ತಾರೆ. ಹಾಕಬೇಡಿ. ಚೂರುಗಳನ್ನೆಲ್ಲ ಒತ್ತಿ ಒಂದು ಮುದ್ದೆ ಮಾಡಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ನೋಡಿ. ಹಿಟ್ಟು ನೀರು ಕುಡಿದು ತಾನಾಗೇ ಮೆತ್ತಗಾಗಿರುತ್ತದೆ. ಆಮೇಲೂ ಒಣ ಹಿಟ್ಟು ಉಳಿದಿದ್ದರೆ ಕೈಯನ್ನು ಒದ್ದೆ ಮಾಡಿಕೊಂಡು ನಾದಿ, ಅಷ್ಟು ನೀರು ಸಾಕು. 7-8 ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ 30 ನಿಮಿಷ ಬಿಡಿ. ಮತ್ತೆ ಒಂದು ನಿಮಿಷ ನಾದಿದರೆ ಮೇಲ್ಮೈ ನುಣುಪಾಗುತ್ತದೆ.

ಹದ ಚಪಾತಿ ಹಿಟ್ಟಿಗಿಂತ ಗಟ್ಟಿ, ಪೂರಿ ಹಿಟ್ಟಿನ ಹತ್ತಿರ. ಬೆರಳಿನಿಂದ ಒತ್ತಿದರೆ ಗುಳಿ ನಿಧಾನವಾಗಿ ಮೇಲೆ ಬರಬೇಕು.

ಹೋಳಿಗೆ ಮಾಡಿ ರೂಢಿಯಿರುವ ಕೈ ಕಣಕ ಅಂದ ಕೂಡಲೇ ಎಣ್ಣೆಯ ಬಾಟಲಿಗೆ ಹೋಗುತ್ತದೆ. ಇಲ್ಲಿ ಒಂದು ಹನಿಯೂ ಬೇಡ. ಹೋಳಿಗೆಯ ಕಣಕ ಜಾರಬೇಕು, ಹರಡಬೇಕು. ಜಿಯಾವೊಜಿಯ ಅಂಚಿಗೆ ಅಂಚು ಅಂಟಬೇಕು. ಎಣ್ಣೆ ಹಚ್ಚಿದ ಅಂಚು ಒತ್ತಿದಾಗ ಅಂಟಿದಂತೆ ಕಂಡು, ಕುದಿಯುವ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ.

ಕೆಡುವ ಸೂಚನೆ: ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಂಡರೆ ಕಣಕಕ್ಕೆ ವಿಶ್ರಾಂತಿ ಸಾಲದು, ಇನ್ನೂ ಹದಿನೈದು ನಿಮಿಷ ಮುಚ್ಚಿಡಿ. ಅಂಚು ಬಿರುಕು ಬಿಟ್ಟರೆ ಒಣಗಿದೆ. ಮಣೆಗೆ ಅಂಟುತ್ತಿದ್ದರೆ ನೀರು ಜಾಸ್ತಿ; ಒಂದೆರಡು ಚಮಚ ಮೈದಾ ಸೇರಿಸಿ ನಾದಿ, ಮತ್ತೆ ನೆನೆಯಲು ಬಿಡಿ.

## ಹಂತ 2: ಹೂರಣ

ಒಳಗೆ ರಸ ಇರಬೇಕು, ಆದರೆ ಆ ರಸ ಬೇಯುವವರೆಗೆ ಹೊರಗೆ ಬರಬಾರದು. ಹೂರಣದ ಕಷ್ಟವೆಲ್ಲ ಇದೊಂದೇ. ಅದಕ್ಕಾಗಿ ಕೋಸಿನಿಂದ ನೀರು ತೆಗೆಯುತ್ತೇವೆ, ಮಾಂಸಕ್ಕೆ ನೀರು ಕುಡಿಸುತ್ತೇವೆ.

ಕೋಸು. 250 ಗ್ರಾಂ ಎಲೆಕೋಸನ್ನು ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ. ಚೀನಾದಲ್ಲಿ ಬಳಸುವ ಉದ್ದನೆಯ ನಾಪಾ ಕೋಸು ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ನೀರು ಹೆಚ್ಚು, ಹಿಂಡುವುದೂ ಹೆಚ್ಚು. ಮುಕ್ಕಾಲು ಟೀ ಚಮಚ ಉಪ್ಪು ಬೆರೆಸಿ 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ, ಹನಿ ನಿಲ್ಲುವವರೆಗೆ ಹಿಂಡಿ. ಮಿಕ್ಸಿಯಲ್ಲಿ ತಿರುವಿದರೆ ಕೋಸು ಮುದ್ದೆಯಾಗಿ ಎಷ್ಟು ಹಿಂಡಿದರೂ ನೀರು ಬಿಡುತ್ತಲೇ ಇರುತ್ತದೆ.

ಮಾಂಸ. 300 ಗ್ರಾಂ ಹಂದಿ ಮಾಂಸದ ಕೈಮಾ, ಅದರಲ್ಲಿ ನಾಲ್ಕನೇ ಒಂದು ಭಾಗದಷ್ಟು ಕೊಬ್ಬು ಇರಲಿ. ಚಿಕನ್ ಆದರೆ ತೊಡೆಯ ಭಾಗವನ್ನು ಕೈಮಾ ಮಾಡಿಸಿ. ಬರೀ ಎದೆ ಭಾಗದ್ದು ಒಣಗುತ್ತದೆ. ಒಂದೂವರೆ ದೊಡ್ಡ ಚಮಚ ಲೈಟ್ ಸೋಯಾ, ಅರ್ಧ ಟೀ ಚಮಚ ಉಪ್ಪು, ಅಷ್ಟೇ ಸಕ್ಕರೆ, ಕಾಲು ಟೀ ಚಮಚ ಬಿಳಿ ಮೆಣಸಿನ ಪುಡಿ, ಒಂದು ದೊಡ್ಡ ಚಮಚ ತುರಿದ ಶುಂಠಿ ಹಾಕಿ.

ಈಗ ನೀರು ಕುಡಿಸುವ ಕೆಲಸ. 70 ಮಿ.ಲೀ. ತಣ್ಣೀರನ್ನು ಮೂರು ಸಲಕ್ಕೆ ಹಂಚಿಕೊಳ್ಳಿ. ಮೊದಲ ಪಾಲು ಹಾಕಿ, ಎರಡು ಚಾಪ್‌ಸ್ಟಿಕ್ ಅಥವಾ ಸೌಟಿನ ಹಿಡಿಯಿಂದ ಒಂದೇ ದಿಕ್ಕಿಗೆ ಜೋರಾಗಿ ತಿರುವಿ. ಆರಂಭದಲ್ಲಿ ಮಾಂಸ ಬಟ್ಟಲಿನಲ್ಲಿ ಜಾರುತ್ತದೆ, ಸುತ್ತ ನೀರು ಕಾಣುತ್ತದೆ. ಒಂದೆರಡು ನಿಮಿಷದಲ್ಲಿ ನೀರು ಮಾಯವಾಗಿ ಮಾಂಸ ಬಟ್ಟಲಿನ ಬದಿ ಹಿಡಿಯಲು ಶುರುಮಾಡುತ್ತದೆ. ಆಗ ಎರಡನೆಯ ಪಾಲು, ಅದೂ ಇಂಗಿದ ಮೇಲೆ ಮೂರನೆಯದು. ಕೊನೆಗೆ ಬಣ್ಣ ಸ್ವಲ್ಪ ಬಿಳಿಚಿ, ಚಾಪ್‌ಸ್ಟಿಕ್ ಎತ್ತಿದರೆ ಎಳೆ ಎಳೆಯಾಗಿ ಅಂಟಿಕೊಂಡು ಬರಬೇಕು. ಉಪ್ಪು ಮತ್ತು ತಿರುವುವಿಕೆಯಿಂದ ಮಾಂಸದ ಪ್ರೋಟೀನು ಹೊರಬಂದು ಜಾಲದಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತದೆ. ಉಪ್ಪು ಹಾಕುವ ಮುಂಚೆಯೇ ನೀರು ಹಾಕಿದರೆ ಇದು ಸರಿಯಾಗಿ ನಡೆಯುವುದಿಲ್ಲ. ಕೊನೆಗೆ ಒಂದೂವರೆ ದೊಡ್ಡ ಚಮಚ ಹುರಿದ ಎಳ್ಳಿನ ಎಣ್ಣೆ ಬೆರೆಸಿ, ಮುಚ್ಚಿ ಫ್ರಿಜ್ಜಿಗೆ ಇಡಿ. ತಣ್ಣಗಿದ್ದರೆ ಗಟ್ಟಿಯಾಗಿ, ತುಂಬಲು ಸುಲಭ.

ಲಟ್ಟಿಸಲು ಕೂರುವಾಗ ಹಿಂಡಿದ ಕೋಸು, ಸಣ್ಣಗೆ ಹೆಚ್ಚಿದ 50 ಗ್ರಾಂ ಈರುಳ್ಳಿ ಸೊಪ್ಪು ಸೇರಿಸಿ. ಒಂದು ಚಮಚ ಹೂರಣವನ್ನು ಬಾಣಲೆಯಲ್ಲಿ ಪೂರ್ತಿ ಬೇಯಿಸಿ ರುಚಿ ನೋಡಿ. ಹಸಿ ಮಾಂಸವನ್ನು ನಾಲಿಗೆಗೆ ಇಡಬೇಡಿ. 45 ತುಂಬಿದ ಮೇಲೆ ಉಪ್ಪು ಕಡಿಮೆ ಎಂದು ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಮಾಂಸ ತಿನ್ನದವರಿಗೆ. ಇದು ಹೆಚ್ಚು ಕಷ್ಟದ ಹೂರಣ, ಏಕೆಂದರೆ ನೀರು ಹಿಡಿಯುವ ಮಾಂಸದ ಜಾಲ ಇಲ್ಲ. 200 ಗ್ರಾಂ ಗಟ್ಟಿ ತೋಫು ಪುಡಿಮಾಡಿ, ತೇವ ಹೋಗುವವರೆಗೆ ಬಾಣಲೆಯಲ್ಲಿ ಹುರಿಯಿರಿ. 150 ಗ್ರಾಂ ಅಣಬೆ ಸಣ್ಣಗೆ ಹೆಚ್ಚಿ, ಅದು ಬಿಡುವ ನೀರೆಲ್ಲ ಇಂಗುವವರೆಗೆ ಬೇರೆಯಾಗಿ ಹುರಿಯಿರಿ. ಹೆಸರುಕಾಳಿನ ಪಿಷ್ಟದಿಂದ ಮಾಡಿದ ಪಾರದರ್ಶಕ ಶ್ಯಾವಿಗೆ 40 ಗ್ರಾಂ ನೆನೆಸಿ, ಬಸಿದು, ಕತ್ತರಿಸಿ ಹಾಕಿ. ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ. ಎಲ್ಲ ಪೂರ್ತಿ ಆರಿದ ಮೇಲೆಯೇ ಹಿಂಡಿದ ಕೋಸು, ಸೋಯಾ, ಶುಂಠಿ, ಎಣ್ಣೆ ಬೆರೆಸಿ.

ಮೊಟ್ಟೆ ತಿನ್ನುವವರು ಚೀನಾದಲ್ಲಿ ತುಂಬಾ ಸಾಮಾನ್ಯವಾದ ಇನ್ನೊಂದು ಹೂರಣ ಮಾಡಬಹುದು: ಪುಡಿಪುಡಿಯಾಗಿ ಹುರಿದು ಆರಿಸಿದ ಮೊಟ್ಟೆ ಮತ್ತು ಹಸಿ ಚೈನೀಸ್ ಚೈವ್. ಈರುಳ್ಳಿ ಸೊಪ್ಪಿನ ಹಸಿರು ಭಾಗದಲ್ಲೂ ಆಗುತ್ತದೆ. ಸೊಪ್ಪನ್ನು ಮೊದಲು ಎಣ್ಣೆಯಲ್ಲಿ ಹೊರಳಿಸಿ, ಉಪ್ಪನ್ನು ತುಂಬುವ ಕ್ಷಣಕ್ಕೆ ಮಾತ್ರ ಹಾಕಿ. ಈ ಕ್ರಮ ತಿರುಗಿಸಿದರೆ ಹತ್ತು ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ಹಸಿರು ನೀರು ನಿಂತಿರುತ್ತದೆ.

## ಹಂತ 3: ಲಟ್ಟಿಸುವುದು

ಕಣಕವನ್ನು ಮೂರು ಭಾಗ ಮಾಡಿ, ಎರಡನ್ನು ಮುಚ್ಚಿಡಿ. ಒಂದನ್ನು ಹೆಬ್ಬೆರಳಿನಷ್ಟು ದಪ್ಪದ ಉದ್ದನೆಯ ಸುರುಳಿ ಮಾಡಿ, ತಲಾ 10 ಗ್ರಾಂ ಬರುವಂತೆ ಕತ್ತರಿಸಿ. ಮೊದಲ ನಾಲ್ಕೈದನ್ನು ತೂಗಿ ನೋಡಿದರೆ ಸಾಕು, ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ.

ತುಂಡನ್ನು ಅಂಗೈಯಲ್ಲಿ ಒತ್ತಿ ಬಿಲ್ಲೆ ಮಾಡಿ. ಎಡಗೈಯಲ್ಲಿ ಅಂಚು ಹಿಡಿದು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಬಲಗೈಯಲ್ಲಿ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನವರೆಗೆ ಒಯ್ದು ಹಿಂದಕ್ಕೆ ತನ್ನಿ. ನಡುಭಾಗ ದಾಟಬೇಡಿ. ಒಂದು ಸುತ್ತು ಮುಗಿದಾಗ 8-9 ಸೆಂ.ಮೀ. ಅಗಲ, ನಡುವೆ 2 ಮಿ.ಮೀ. ದಪ್ಪ, ಅಂಚು ಅದರ ಅರ್ಧ. ಎರಡು ಅಂಚು ಸೇರಿದ ಜಾಗ ನಡುವಿನಷ್ಟೇ ದಪ್ಪವಾದರೆ ಎಲ್ಲ ಕಡೆ ಒಟ್ಟಿಗೆ ಬೇಯುತ್ತದೆ. ಚಪಾತಿಯಂತೆ ಒಂದೇ ಸಮ ಲಟ್ಟಿಸಿದರೆ ತಳ ತೆಳ್ಳಗಾಗಿ ಹರಿಯುತ್ತದೆ, ಮೇಲಿನ ಅಂಚು ಹಸಿಯಾಗಿ ಉಳಿಯುತ್ತದೆ. ದೊಡ್ಡ ಹಾಳೆ ಲಟ್ಟಿಸಿ ಲೋಟದಿಂದ ವೃತ್ತ ಕತ್ತರಿಸುವವರಿಗೂ ಇದೇ ಗತಿ. ತೀರಾ ಅವಸರವಿದ್ದರೆ ಮಾಡಿ, ಆದರೆ ಕತ್ತರಿಸಿದ ಮೇಲೆ ಅಂಚಿಗೊಂದು ಸುತ್ತು ಲಟ್ಟಣಿಗೆ ಹೊಡೆಯಿರಿ.

ಐದಾರು ಲಟ್ಟಿಸಿ, ಅವನ್ನು ತುಂಬಿ, ಮತ್ತೆ ಐದಾರು. ಎಲ್ಲವನ್ನೂ ಲಟ್ಟಿಸಿ ಪೇರಿಸಿಟ್ಟರೆ ಒಂದಕ್ಕೊಂದು ಅಂಟುತ್ತವೆ, ಇಲ್ಲವೇ ಅಂಚು ಒಣಗುತ್ತದೆ.

## ಹಂತ 4: ತುಂಬಿ ಮುಚ್ಚುವುದು

ಒಂದಕ್ಕೆ 12-13 ಗ್ರಾಂ ಹೂರಣ, ಅಂದರೆ ಎರಡು ಟೀ ಚಮಚದಷ್ಟು. ಸುತ್ತ ಒಂದು ಬೆರಳಿನಷ್ಟು ಅಂಚು ಖಾಲಿ ಬಿಡಿ.

ಅರ್ಧಚಂದ್ರವಾಗಿ ಮಡಚಿ, ಮೊದಲು ನಡುವನ್ನು ಒತ್ತಿ. ಆಮೇಲೆ ಒಂದು ತುದಿಯಿಂದ ನಡುವಿಗೆ, ಇನ್ನೊಂದು ತುದಿಯಿಂದ ನಡುವಿಗೆ ಒತ್ತುತ್ತಾ ಬನ್ನಿ. ಮುಚ್ಚುವಾಗ ಹೂರಣದ ಸುತ್ತ ಇರುವ ಗಾಳಿಯನ್ನು ಬೆರಳಿನಿಂದ ತಳ್ಳಿ ಹೊರಹಾಕಿ. ಒಳಗೆ ಉಳಿದ ಗಾಳಿ ಕಾದು ಉಬ್ಬಿ ಅಂಚನ್ನು ಬಿಚ್ಚುತ್ತದೆ. ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ಈ ಆಕಾರ ಹೊಸದಲ್ಲ, ಆದರೆ ಕರ್ಜಿಕಾಯಿಯ ಒಳಗಿರುವುದು ಒಣ ಪುಡಿ. ಇಲ್ಲಿ ಎಣ್ಣೆ, ನೀರು ಎರಡೂ ಇವೆ. ಅಂಚಿಗೆ ಹೂರಣ ಸೋಕಿದರೆ ಅದು ಮತ್ತೆ ಅಂಟುವುದಿಲ್ಲ. ಒಣ ಬಟ್ಟೆಯಿಂದ ಒರೆಸಿ, ಆ ಭಾಗವನ್ನು ಒಳಕ್ಕೆ ಮಡಚಿ ಒತ್ತಿ.

ಮಡಿಕೆ ಚೆಂದಕ್ಕೆ. ಉತ್ತರ ಚೀನಾದಲ್ಲಿ ಅವಸರದಲ್ಲಿರುವವರು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹಿಸುಕಿ ಮುಗಿಸುತ್ತಾರೆ, ಒಂದೂ ಮಡಿಕೆ ಇರುವುದಿಲ್ಲ. ಮೊದಲ ಸಲ ಮಾಡುವವರು ಮಡಿಕೆಯ ಗೋಜಿಗೆ ಹೋಗದಿರುವುದೇ ವಾಸಿ.

ಮನೆಯ ಹಸಿ ಕಣಕಕ್ಕೆ ಅಂಚಿಗೆ ನೀರು ಹಚ್ಚುವ ಅಗತ್ಯವಿಲ್ಲ, ಹಚ್ಚಿದರೆ ಜಾರುತ್ತದೆ. ಪ್ಯಾಕೆಟ್ಟಿನಲ್ಲಿ ಬರುವ ಗ್ಯೋಜಾ ಹಾಳೆಗಳಿಗೆ ಮಾತ್ರ ಬೆರಳಿನಿಂದ ತೆಳುವಾಗಿ ನೀರು ಸವರಿ.

ತುಂಬಿದ್ದನ್ನು ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಅರ್ಧ ಗಂಟೆ ದಾಟಿದರೆ ಹೂರಣದ ತೇವ ತಳಕ್ಕೆ ಇಳಿಯಲು ಶುರು. ಆದ್ದರಿಂದ 20 ಆದ ಕೂಡಲೇ ಬೇಯಿಸಿ, ಅಥವಾ ತಟ್ಟೆ ಸಮೇತ ಫ್ರೀಜರಿಗೆ ಹಾಕಿ. ತಳದಲ್ಲಿ ಬೂದು ಬಣ್ಣದ ಒದ್ದೆ ಮಚ್ಚೆ ಕಂಡರೆ ಅದನ್ನು ನೀರಿಗೆ ಹಾಕದೆ ಬಾಣಲೆಗೆ ಕಳಿಸಿ.

## ಹಂತ 5: ನೀರಿನಲ್ಲಿ ಬೇಯಿಸುವುದು

20 ಜಿಯಾವೊಜಿಗೆ ಕನಿಷ್ಠ 3 ಲೀಟರ್ ನೀರು. ಸಣ್ಣ ಪಾತ್ರೆಯಲ್ಲಿ ಹಾಕಿದ ಕೂಡಲೇ ಕುದಿ ನಿಂತು, ಕಣಕ ಕರಗಿ ಗಂಜಿಯಾಗುತ್ತದೆ.

1. ನೀರು ಜೋರಾಗಿ ಕುದಿಯುವಾಗ ಒಂದೊಂದಾಗಿ ಬಿಡಿ. ತಕ್ಷಣ ಸೌಟಿನ ಬೆನ್ನನ್ನು ಪಾತ್ರೆಯ ತಳಕ್ಕೆ ತಾಗಿಸಿ ಮೆಲ್ಲಗೆ ಸುತ್ತು ತಳ್ಳಿ. ಮೊದಲ ಅರ್ಧ ನಿಮಿಷದಲ್ಲಿ ತಳಕ್ಕೆ ಅಂಟಿದ್ದು ಆಮೇಲೆ ಹರಿಯದೆ ಏಳುವುದಿಲ್ಲ.
2. ಮುಚ್ಚಿ. ಮತ್ತೆ ಕುದಿ ಬಂದಾಗ ಮುಚ್ಚಳ ತೆಗೆದು ಒಂದು ಲೋಟ ತಣ್ಣೀರು ಹಾಕಿ.
3. ಪುನಃ ಕುದಿ ಬಂದಾಗ ಇನ್ನೊಂದು ಲೋಟ. ಮಾಂಸದ ಹೂರಣಕ್ಕೆ ಹೀಗೆ ಮೂರು ಸಲ, ತರಕಾರಿಯದಕ್ಕೆ ಒಂದೆರಡು ಸಲ.
4. ಕೊನೆಯ ಕುದಿ ಬಂದು ಒಂದು ನಿಮಿಷವಾದ ಮೇಲೆ ಜಾಲರಿ ಸೌಟಿನಲ್ಲಿ ತೆಗೆಯಿರಿ.

ತಣ್ಣೀರು ಹಾಕುವುದು ಚೀನಾದ ಹಳೆಯ ರೂಢಿ. ಬೆಂಕಿ ಜೋರಾಗಿ ಬಿಟ್ಟರೆ ಕುದಿಯ ಹೊಡೆತಕ್ಕೆ ಹೊರಗಿನ ಪದರ ಹರಿಯುತ್ತದೆ, ಅಷ್ಟು ಹೊತ್ತಿಗೆ ಒಳಗೆ ಬೆಂದಿರುವುದಿಲ್ಲ. ತಣ್ಣೀರು ಆ ಹೊಡೆತ ತಗ್ಗಿಸಿ ಒಳಗೆ ಬೇಯಲು ಸಮಯ ಕೊಡುತ್ತದೆ. ಗ್ಯಾಸ್ ಒಲೆಯಲ್ಲಿ ಉರಿ ತಗ್ಗಿಸಿದರೂ ನಡೆಯುತ್ತದೆ, ಆದರೆ ಲೋಟದ ಲೆಕ್ಕ ಇದ್ದರೆ ಗಡಿಯಾರ ನೋಡುವ ಕೆಲಸವಿಲ್ಲ.

ತೇಲಿದ ಮಾತ್ರಕ್ಕೆ ಬೆಂದಿದೆ ಅಂತ ತಿಳಿಯಬೇಡಿ, ಒಳಗಿನ ಗಾಳಿ ಕಾದರೂ ತೇಲುತ್ತದೆ. ಹೊಟ್ಟೆ ಉಬ್ಬಿ, ಸೌಟಿನಿಂದ ಒತ್ತಿದ ಗುಳಿ ಪುಟಿದು ಬಂದರೆ ಬೆಂದಿದೆ. ಮೊದಲ ಕಂತಿನಲ್ಲಿ ಒಂದನ್ನು ಕತ್ತರಿಸಿ ನೋಡಿ. ಥರ್ಮಾಮೀಟರ್ ಇದ್ದರೆ ಚಿಕನ್ ಹೂರಣದ ನಡುವೆ 74 ಡಿಗ್ರಿ ಸೆಲ್ಸಿಯಸ್ ಬಂದಿರಬೇಕು. ಬೆಂಗಳೂರಿನವರು ಒಂದು ನಿಮಿಷ ಹೆಚ್ಚೇ ಕೊಡಿ. 900 ಮೀಟರಿಗೂ ಮೇಲಿರುವ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನವರಿಗೆ ಆ ಚಿಂತೆಯಿಲ್ಲ.

## ಹಂತ 6: ಬಾಣಲೆಯಲ್ಲಿ ತಳ ಕೆಂಪಗೆ ಮಾಡುವುದು

ಗುವೊತಿಯೆ ಎಂದರೆ ಮೊದಲು ಎಣ್ಣೆ, ಆಮೇಲೆ ಹಬೆ, ಕೊನೆಗೆ ಮತ್ತೆ ಎಣ್ಣೆ. ಮೂರೂ ಒಂದೇ ಬಾಣಲೆಯಲ್ಲಿ.

1. ಮಧ್ಯಮ ಉರಿಯಲ್ಲಿ ಒಂದೂವರೆ ದೊಡ್ಡ ಚಮಚ ಎಣ್ಣೆ ಕಾಯಿಸಿ, ಜಿಯಾವೊಜಿಗಳನ್ನು ಚಪ್ಪಟೆ ತಳ ಕೆಳಗೆ ಬರುವಂತೆ ಜೋಡಿಸಿ. ಎರಡು ನಿಮಿಷ ಮುಟ್ಟಬೇಡಿ.
2. ತಳ ತಿಳಿ ಹೊಂಬಣ್ಣಕ್ಕೆ ಬಂದಾಗ ಮುಚ್ಚಳವನ್ನು ಗುರಾಣಿಯಂತೆ ಅಡ್ಡ ಹಿಡಿದು, ಅವುಗಳ ಮೂರನೇ ಒಂದು ಎತ್ತರಕ್ಕೆ ಬಿಸಿನೀರು ಸುರಿಯಿರಿ. ಕಾದ ಎಣ್ಣೆಗೆ ನೀರು ಬಿದ್ದರೆ ಸಿಡಿಯುತ್ತದೆ, ಮಕ್ಕಳನ್ನು ದೂರ ಇಡಿ. ಕೂಡಲೇ ಮುಚ್ಚಿ.
3. 6-7 ನಿಮಿಷ ಹಾಗೇ ಬಿಡಿ. ಮುಚ್ಚಳ ತೆಗೆದು ಉಳಿದ ನೀರು ಆವಿಯಾಗಲು ಬಿಡಿ.
4. ಈಗ ಕಿವಿಗೆ ಕೆಲಸ. ಕೊತಕೊತ ಸದ್ದು ಇರುವವರೆಗೆ ನೀರಿದೆ. ಅದು ಚಟಪಟ ಸದ್ದಿಗೆ ತಿರುಗಿದ ಕ್ಷಣದಿಂದ ಒಂದರಿಂದ ಎರಡು ನಿಮಿಷ ಬಿಟ್ಟು ತೆಗೆಯಿರಿ.

ಬಾಣಲೆ ಹಿಡಿದುಕೊಳ್ಳುವುದು ಬಹುತೇಕ ನಾಲ್ಕನೆಯ ಹೆಜ್ಜೆಗೆ ಮುಂಚೆಯೇ ಎತ್ತಲು ಹೋದದ್ದರಿಂದ. ಬೇಯಿಸಿದ ಪಿಷ್ಟ ಒದ್ದೆ ಇರುವಾಗ ಅಂಟು, ಗರಿಯಾದ ಮೇಲೆ ತಾನೇ ಬಿಡುತ್ತದೆ. ಆದರೂ ಹಿಡಿದರೆ ಉರಿ ಆರಿಸಿ, ಬಾಣಲೆಯನ್ನು ಒದ್ದೆ ಬಟ್ಟೆಯ ಮೇಲೆ ಒಂದು ನಿಮಿಷ ಇಟ್ಟು ಆಮೇಲೆ ತೆಳು ಸಟ್ಟುಗದಿಂದ ಎತ್ತಿ.

ಹೋಟೆಲಿನ ಗ್ಯೋಜಾಗಳ ಕೆಳಗೆ ಕಾಣುವ ಗರಿಗರಿ ಜಾಲರಿ ಬೇಕಿದ್ದರೆ ಎರಡನೆಯ ಹೆಜ್ಜೆಯ ನೀರಿನ ಬದಲು 100 ಮಿ.ಲೀ. ನೀರಿಗೆ ಒಂದು ದೊಡ್ಡ ಚಮಚ ಮೈದಾ ಕದಡಿ ಹಾಕಿ, ಮಿಕ್ಕಿದ್ದೆಲ್ಲ ಹಾಗೇ. ಹಿಟ್ಟು ಹೆಚ್ಚಾದರೆ ಜಾಲರಿಯ ಬದಲು ದೋಸೆ ಏಳುತ್ತದೆ, ಅದೂ ದಪ್ಪ ದೋಸೆ.

## ಹಬೆಯಲ್ಲಿ ಬೇಯಿಸುವವರಿಗೆ

ಕಣಕವೇ ಬೇರೆ. ತಣ್ಣೀರಿನ ಕಣಕವನ್ನು ಹಬೆಯಲ್ಲಿ ಬೇಯಿಸಿದರೆ ಬಿಸಿ ಇರುವವರೆಗೆ ಚೆನ್ನ, ಆರಿದ ಮೇಲೆ ಅಂಚು ಬಿರುಸು. 300 ಗ್ರಾಂ ಮೈದಾಕ್ಕೆ ಕುದಿಯುವ ನೀರು 120 ಗ್ರಾಂ ಹಾಕಿ ಚಾಪ್‌ಸ್ಟಿಕ್‌ನಲ್ಲಿ ತಿರುವಿ, ಆಮೇಲೆ 50-60 ಗ್ರಾಂ ತಣ್ಣೀರಿನಿಂದ ಹದ ಮಾಡಿ. ಈ ಮೆತ್ತನೆ ಕಣಕವನ್ನು ಮಾತ್ರ ಕುದಿಯುವ ನೀರಿಗೆ ಹಾಕಬೇಡಿ, ನಿಲ್ಲುವುದಿಲ್ಲ. ಬೈಲಕುಪ್ಪೆಯ ಮೋಮೋ ತಿಂದು ಬಂದು ಅದನ್ನೇ ಮಾಡಲು ಹೊರಟವರೂ ಈ ಕಣಕದಿಂದ ಶುರುಮಾಡಬಹುದು.

ಇಡ್ಲಿ ಪಾತ್ರೆ ಸಾಕು. ಚಪ್ಪಟೆ ತಟ್ಟೆಗೆ ಎಣ್ಣೆ ಸವರಿ, ಅಥವಾ ಕೋಸಿನ ಎಲೆ ಹಾಸಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹನಿ ಬಿದ್ದ ಜಾಗ ತೂತಾಗುತ್ತದೆ. ಹಬೆ ತುಂಬಿದ ಮೇಲೆ ಇಟ್ಟು 10-12 ನಿಮಿಷ.

## ಫ್ರೀಜರಿನಲ್ಲಿ ಇಡುವುದು

ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು, ಕಲ್ಲಿನಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಒಂದು ತಿಂಗಳೊಳಗೆ ಮುಗಿಸಿ. ಬೇಯಿಸುವ ಮುಂಚೆ ಹೊರಗಿಟ್ಟು ಕರಗಿಸಬೇಡಿ, ಕರಗಿದರೆ ಪದರ ಅಂಟಂಟಾಗಿ ತಟ್ಟೆಯಲ್ಲೇ ಹರಿಯುತ್ತದೆ. ನೇರ ಕುದಿಯುವ ನೀರಿಗೆ ಹಾಕಿ ತಣ್ಣೀರಿನ ಸುತ್ತು ಒಂದು ಹೆಚ್ಚಿಸಿ. ಬಾಣಲೆಯಾದರೆ ಮುಚ್ಚಿಡುವ ಹೊತ್ತು 2-3 ನಿಮಿಷ ಜಾಸ್ತಿ.

## ನೆಂಚಿಕೊಳ್ಳಲು, ಮತ್ತು ಉಳಿದದ್ದಕ್ಕೆ

ಝೆಂಜಿಯಾಂಗ್‌ನ ಕಪ್ಪು ವಿನೆಗರ್ ಎರಡು ಪಾಲು, ಲೈಟ್ ಸೋಯಾ ಒಂದು ಪಾಲು, ಜಜ್ಜಿದ ಬೆಳ್ಳುಳ್ಳಿ, ಬೇಕಿದ್ದರೆ ಮೆಣಸಿನಕಾಯಿ ಎಣ್ಣೆ. ನಮ್ಮಲ್ಲಿ ಸಿಗುವ ಬಿಳಿ ಸಿಂಥೆಟಿಕ್ ವಿನೆಗರ್ ಬರೀ ಹುಳಿ. ಅದನ್ನೇ ಬಳಸುವುದಾದರೆ ಅರ್ಧಕ್ಕರ್ಧ ನೀರು ಬೆರೆಸಿ ಚಿಟಿಕೆ ಸಕ್ಕರೆ ಹಾಕಿ. ಜಿಯಾವೊಜಿ ಬೇಯಿಸಿದ ಗಂಜಿಯಂಥ ನೀರನ್ನು ಚೆಲ್ಲಬೇಡಿ, ಉತ್ತರ ಚೀನಾದಲ್ಲಿ ಊಟದ ಕೊನೆಗೆ ಅದನ್ನೇ ಬಿಸಿಬಿಸಿಯಾಗಿ ಕುಡಿಯುತ್ತಾರೆ.

ಬೇಯಿಸಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿ. ಹೂರಣ ಉಳಿದರೆ ಮೊಟ್ಟೆ ಬೆರೆಸಿ ಆಮ್ಲೆಟ್ ಮಾಡಿ, ಮಾಂಸದ್ದಾದರೆ ಪೂರ್ತಿ ಬೇಯಲಿ. ಕಣಕ ಉಳಿದರೆ ತೆಳ್ಳಗೆ ಲಟ್ಟಿಸಿ, ಹಿಟ್ಟು ಉದುರಿಸಿ ಮಡಚಿ, ಬೆರಳಗಲ ಕತ್ತರಿಸಿ ಬಿಡಿಸಿ: ಅದೇ ಕುದಿಯುವ ನೀರಿನಲ್ಲಿ ಮೂರು ನಿಮಿಷಕ್ಕೆ ನೂಡಲ್ಸ್ ಆಗುತ್ತದೆ, ಮೇಲೆ ಉಳಿದ ವಿನೆಗರ್-ಸೋಯಾ ಸುರಿದರೆ ಸಾಕು.